ಕಾಳಲ್ಲದ ಕಾಳು

‘ಮುಟ್ಟಬೇಡ!’ ಎಂದು ನಾನು ಕೂಗಿದ ರಭಸಕ್ಕೆ ಮೊಮ್ಮಗಳು ಬೆಚ್ಚಿಬಿದ್ದಳು. ಊರಿನ ಹಳೆಮನೆಯ ಅಟ್ಟದಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಫ್ಯುರಡಾನ್ ಪೊಟ್ಟಣ. ಒಂದು ಕಾಲದಲ್ಲಿ ನಮ್ಮಪ್ಪ ಬಾಳೆಗಿಡದ ಬುಡಕ್ಕೆ ಹಾಕುತ್ತಿದ್ದ ಹರಳು. ಬ್ಯಾಂಕಿನಲ್ಲಿ ಬೆಳೆಸಾಲದ ಕಾಗದಗಳಲ್ಲಿ ಈ ಹೆಸರನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಅದೇನೆಂದು ಒಮ್ಮೆಯೂ ಕೇಳಲಿಲ್ಲ.

ಮಕ್ಕಳೇ, ಇದರ ಅಸಲು ಹೆಸರು ಕಾರ್ಬೊಫ್ಯುರಾನ್, ಕುಲ ಕಾರ್ಬಮೇಟ್. ಈ ಕುಲದ ಮೂಲಪುರುಷ ಪಶ್ಚಿಮ ಆಫ್ರಿಕದ ಕಲಬಾರ್ ಸೀಮೆಯ ಒಂದು ಅವರೆಯಂಥ ಬೀಜ. ಆರೋಪಿಗೆ ಅದನ್ನು ತಿನ್ನಿಸಿ, ಬದುಕಿದರೆ ನಿರಪರಾಧಿ ಎನ್ನುತ್ತಿದ್ದರಂತೆ! 1864ರಲ್ಲಿ ಅದರ ವಿಷವನ್ನು ಬೇರ್ಪಡಿಸಿದರು. ಅದೇ ಬಗೆಯ ರಚನೆಯಿಂದ ಮುಂದೆ ಕೀಟನಾಶಕಗಳು ಬಂದವು. 1950ರ ದಶಕದಲ್ಲಿ ಕಾರ್ಬರಿಲ್ (ಭೋಪಾಲದ ಕಾರ್ಖಾನೆ ಮಾಡುತ್ತಿದ್ದುದು ಇದನ್ನೇ, ಆ ಕಥೆ ಇನ್ನೊಮ್ಮೆ), 1960ರ ದಶಕದಲ್ಲಿ ಅಮೆರಿಕದ ಎಫ್‌ಎಂಸಿ ಕಂಪನಿಯ ಫ್ಯುರಡಾನ್.

ಅದು ಕೊಲ್ಲುವುದು ಹೇಗೆ? ನರದಿಂದ ಸ್ನಾಯುವಿಗೆ ‘ಕದಲು’ ಎಂಬ ಸಂದೇಶ ಒಂದು ರಾಸಾಯನಿಕದ ರೂಪದಲ್ಲಿ ಹೋಗುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆಯುತ್ತದೆ, ನಾವು ಹಣ ಕೊಟ್ಟ ಚೆಕ್ಕಿಗೆ ‘ಪೇಯ್ಡ್’ ಮುದ್ರೆ ಒತ್ತಿದ ಹಾಗೆ. ಈ ವಿಷ ಮುದ್ರೆ ಒತ್ತುವವನ ಕೈಯನ್ನೇ ಕಟ್ಟಿಹಾಕುತ್ತದೆ. ಒಂದೇ ಚೆಕ್ಕಿಗೆ ಮತ್ತೆ ಮತ್ತೆ ಹಣ! ಮೈ ನಡುಗಿ, ಜೊಲ್ಲು ಸುರಿದು, ಉಸಿರು ನಿಲ್ಲುತ್ತದೆ.

ಮಣ್ಣಿಗೆ ಹಾಕಿದರೆ ಬೇರು ಹೀರಿಕೊಂಡು ಗಿಡದೊಳಗಿನ ಹುಳುವೂ ಸಾಯುತ್ತಿತ್ತು. ರೈತರಿಗೆ ಇನ್ನೇನು ಬೇಕು? ಆದರೆ ಹಕ್ಕಿಗಳಿಗೆ ಹಲ್ಲಿಲ್ಲ, ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಈ ಹರಳು ಅವಕ್ಕೆ ಕಲ್ಲಾಗಿಯೂ ಕಂಡಿತು, ಕಾಳಾಗಿಯೂ ಕಂಡಿತು. ಪುಟ್ಟ ಹಕ್ಕಿಗೆ ಒಂದೇ ಹರಳು ಸಾಕು. ಸತ್ತ ಹಕ್ಕಿಯನ್ನು ತಿಂದ ಹದ್ದೂ ಸತ್ತಿತು. ಅಮೆರಿಕದಲ್ಲಿ 1994ರ ಹೊತ್ತಿಗೆ ಹರಳಿನ ಬಳಕೆ ಬಹುಪಾಲು ನಿಂತಿತು. ಕೀನ್ಯಾದಲ್ಲಿ ದನಗಾಹಿಗಳು ಇದನ್ನು ಸತ್ತ ದನದ ಮಾಂಸಕ್ಕೆ ಬೆರೆಸಿ ಸಿಂಹಗಳನ್ನು ಕೊಂದ ಸುದ್ದಿ ಹರಡಿದಾಗ, 2009ರಲ್ಲಿ ಕಂಪನಿ ಅಲ್ಲಿನ ಅಂಗಡಿಗಳಿಂದ ಮಾಲನ್ನು ವಾಪಸು ಕೊಂಡಿತು. ಭಾರತದಲ್ಲಿ 2023ರ ಆದೇಶ ಶೇಕಡಾ 3ರ ಹರಳೊಂದನ್ನು ಉಳಿಸಿ ಇದರ ಬೇರೆಲ್ಲ ರೂಪಗಳನ್ನು ನಿಲ್ಲಿಸಿತು.

ಎಲ್ಲ ಕೇಳಿದ ಮೊಮ್ಮಗಳು, ‘ತಾತ, ನಮ್ಮ ತೋಟದಲ್ಲೂ ಹಕ್ಕಿ ಸತ್ತಿತ್ತಾ?’ ಅಂದಳು.

ಬಾಳೆಯ ಬುಡದಲ್ಲಿ ಎರಡು ಗೊರವಂಕ ಬಿದ್ದಿದ್ದು ನೆನಪಿದೆ. ಬೆಕ್ಕು ಹಿಡಿದಿರಬೇಕು ಎಂದುಕೊಂಡಿದ್ದೆವು. ಮೈಮೇಲೆ ಗಾಯವಿತ್ತೇ ಎಂದು ಆಗ ಯಾರೂ ನೋಡಲಿಲ್ಲ.