ಸದ್ದಿಲ್ಲದೆ ಬದಲಾಗುವ ಅಂಕಿ

ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವ ಉತ್ತರ 0.30000000000000004. ಹೊಸದಾಗಿ ಕಲಿಯುವವರು ಇದನ್ನು ಕಂಡು ಭಾಷೆಯನ್ನೇ ದೂರುತ್ತಾರೆ. ಅದು ಅನ್ಯಾಯ. ನಮ್ಮ ದಶಮಾಂಶ ಪದ್ಧತಿಯಲ್ಲಿ ಮೂರನೇ ಒಂದನ್ನು ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಸಾಗುತ್ತದೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದರ ಪಾಡೂ ಅದೇ. ಎಲ್ಲೋ ಒಂದೆಡೆ ಕತ್ತರಿಸಲೇಬೇಕು.

ಎಲ್ಲಿ ಕತ್ತರಿಸಬೇಕು ಎಂಬುದನ್ನು ನಿಗದಿ ಮಾಡಿದ್ದು 1985ರ ಐಇಇಇ 754 ಮಾನದಂಡ. ಅದರ ಮುಖ್ಯ ಶಿಲ್ಪಿ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಜಾವಾಸ್ಕ್ರಿಪ್ಟ್ ಬಳಸುವ ಅದರ ರೂಪದಲ್ಲಿ ಒಂದು ಸಂಖ್ಯೆಗೆ 64 ಬಿಟ್ ಜಾಗ: ಧನ-ಋಣ ಚಿಹ್ನೆಗೆ 1, ಘಾತಕ್ಕೆ 11, ಉಳಿದ 52 ಅಂಕಿಗಳಿಗೆ. ಸಿ, ಜಾವಾದಂಥ ಭಾಷೆಗಳಲ್ಲಿ ಪೂರ್ಣಾಂಕಕ್ಕೆ ಬೇರೆ ಮನೆಯಿದೆ. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್‌ಗಾಗಿ ಕಟ್ಟಿದ ಜಾವಾಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಪೂರ್ಣಾಂಕವೂ ದಶಮಾಂಶವೂ ಒಂದೇ ಸೂರಿನಡಿ.

ನನಗೆ ನಿಜವಾದ ಆತಂಕ ಇಲ್ಲಿದೆ. 9007199254740991ರವರೆಗೆ ಪೂರ್ಣಾಂಕಗಳು ಕ್ಷೇಮ. ಅದರ ಮುಂದಿನ 9007199254740992ಕ್ಕೆ ಒಂದು ಕೂಡಿಸಿ ನೋಡಿ, ಸಂಖ್ಯೆ ಕದಲುವುದೇ ಇಲ್ಲ. ದೋಷದ ಸೂಚನೆಯೂ ಬರುವುದಿಲ್ಲ. ತಪ್ಪು ದಶಮಾಂಶ ಕಣ್ಣಿಗಾದರೂ ಬೀಳುತ್ತದೆ. ಕೊನೆಯ ಅಂಕಿ ಬದಲಾದ ದೊಡ್ಡ ಸಂಖ್ಯೆ ಸರಿಯಾದುದರಂತೆಯೇ ಕಾಣುತ್ತದೆ. 2010ರಲ್ಲಿ ಟ್ವಿಟರ್ 64 ಬಿಟ್‌ನ ಹೊಸ ಗುರುತು ಸಂಖ್ಯೆಗಳಿಗೆ ಹೊರಟಾಗ ಈ ತೊಡಕು ಎದುರಾಯಿತು. ಅದೇ ಸಂಖ್ಯೆಯನ್ನು ಅಕ್ಷರಮಾಲೆಯಾಗಿಯೂ (ಸ್ಟ್ರಿಂಗ್) ಕಳುಹಿಸುವುದೇ ಅವರು ಕಂಡುಕೊಂಡ ದಾರಿ.

ಅದು ಸರಿಯಾದ ದಾರಿ ಎಂದೇ ನನ್ನ ನಂಬಿಕೆ. ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನು ಯಾರೂ ಕೂಡಿ ಕಳೆಯುವುದಿಲ್ಲ; ಅವು ಅಂಕಿಗಳಲ್ಲಿ ಬರೆದ ಹೆಸರುಗಳು. ಹಣವನ್ನು ರೂಪಾಯಿಯ ದಶಮಾಂಶದಲ್ಲಿಡದೆ ಪೈಸೆಯ ಪೂರ್ಣಾಂಕದಲ್ಲಿಟ್ಟರೆ ಕೂಡುವ ಕಳೆಯುವ ಲೆಕ್ಕ ಚೊಕ್ಕವಾಗಿರುತ್ತದೆ.

ಎಷ್ಟೇ ದೊಡ್ಡ ಪೂರ್ಣಾಂಕವನ್ನೂ ಹಿಡಿಯಬಲ್ಲ ಬಿಗ್‌ಇಂಟ್ 2020ರಲ್ಲಿ ಭಾಷೆಯ ಮಾನದಂಡಕ್ಕೆ ಸೇರಿತು. ಅದನ್ನು ಸಾಮಾನ್ಯ ಸಂಖ್ಯೆಯೊಂದಿಗೆ ಕೂಡಿಸಹೋದರೆ ಭಾಷೆ ದೋಷವೆಂದು ನಿಲ್ಲಿಸಿಬಿಡುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಸಮಾಧಾನ, ಏಕೆಂದರೆ ಇಲ್ಲಿ ಅಂಕಿ ಸದ್ದಿಲ್ಲದೆ ಬದಲಾಗುವುದಿಲ್ಲ. ಆದರೆ ಬಿಗ್‌ಇಂಟನ್ನು ಜಾಲದಲ್ಲಿ ದತ್ತಾಂಶ ಸಾಗಿಸುವ ಜೇಸನ್ ರೂಪಕ್ಕೆ ನೇರವಾಗಿ ಇಳಿಸಲು ಹೋದರೂ ಅದೇ ದೋಷ. ಹಾಗಾಗಿ ಜಾಲದಲ್ಲಿ ದಾಟಿಸಬೇಕಾದ ದೊಡ್ಡ ಸಂಖ್ಯೆ ಇಂದಿಗೂ ಸಾಮಾನ್ಯವಾಗಿ ಅಕ್ಷರಮಾಲೆಯಾಗಿಯೇ ಹೋಗುತ್ತದೆ.