ರನ್‌ವೇ ಉದ್ದ ಸಾಲದೋ, ವಿವೇಕ ಸಾಲದೋ?

ಮಂಡಕಳ್ಳಿಯ ಮೇಲೆ ಪುಟ್ಟ ವಿಮಾನವೊಂದು ತಗ್ಗಾಗಿ ಹಾರಿದರೆ ಸಾಕು, ನಂಜನಗೂಡು ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. "ಬೀಳ್ತದೇನಪ್ಪಾ?" ಅಂತ ಒಬ್ಬರು. "ಕಲಿಯೋ ಹುಡುಗರು, ಬಿಡಿ" ಅಂತ ಇನ್ನೊಬ್ಬರು. ಎಲ್ಲಾದರೂ ವಿಮಾನ ನೆಲಕ್ಕೆ ಬಿತ್ತೆಂದು ಸುದ್ದಿ ಬಂದರಂತೂ ದೇವರಾಜ ಮಾರುಕಟ್ಟೆಯ ಅಂಗಡಿಗಳಲ್ಲಿ ಹತ್ತೇ ನಿಮಿಷಕ್ಕೆ ತೀರ್ಪು ಸಿದ್ಧ: ಒಂದೋ ಪೈಲಟ್ ತಪ್ಪು, ಇಲ್ಲವೇ ರನ್‌ವೇ ಗಿಡ್ಡ.

ವಿಷಯ ಅಷ್ಟು ಸಲೀಸಲ್ಲ. 2023ರಲ್ಲಿ ಆರೇ ವಾರದಲ್ಲಿ ಈ ರಾಜ್ಯ ಮೂರು ಪ್ರಸಂಗ ಕಂಡಿತು. ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಜೂನ್ 1ರಂದು ವಾಯುಪಡೆಯ ಕಿರಣ್ ವಿಮಾನ ಚಾಮರಾಜನಗರದ ಭೋಗಾಪುರದ ಬಳಿ ಬಿತ್ತು; ಇಬ್ಬರೂ ಪ್ಯಾರಾಚೂಟ್‌ನಲ್ಲಿ ಪಾರಾದರು. ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಪ್ರೀಮಿಯರ್ 1ಎ ಎಂಬ ಪುಟ್ಟ ಜೆಟ್, ಮುಂದಿನ ಗಾಲಿ ಕೈಕೊಟ್ಟಾಗ, ಮೂಗನ್ನು ನೆಲಕ್ಕೆ ಉಜ್ಜುತ್ತಲೇ ಇಳಿಯಿತು. ಮೂರರಲ್ಲೂ ಜೀವ ಹೋಗಲಿಲ್ಲ.

ಯಂತ್ರ ಕೆಟ್ಟರೆ ಯಂತ್ರವನ್ನು ಬೈಯಬಹುದು. ಆದರೆ ಯಂತ್ರ ಸರಿಯಿದ್ದೂ ಕೆಡುವ ಲ್ಯಾಂಡಿಂಗ್‌ಗಳ ಕಥೆ ಬೇರೆ. ಸೆಸ್ನಾ 172ರಂಥ ವಿಮಾನ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಇಳಿಯಲು ಬರುತ್ತದೆ. ವೇಗ ತೀರಾ ಕಮ್ಮಿಯಾದರೆ ರೆಕ್ಕೆಗೆ ಹಿಡಿತ ತಪ್ಪಿ ಧೊಪ್ಪನೆ ಕುಸಿಯುತ್ತದೆ. ಜಾಸ್ತಿಯಾದರೆ ನೆಲ ಮುಟ್ಟದೆ ತೇಲುತ್ತದೆ. ಬಲವಂತಕ್ಕೆ ನೆಲಕ್ಕೆ ಒತ್ತಿದರೆ ಚೆಂಡಿನಂತೆ ಪುಟಿಯುತ್ತದೆ. ಎರಡು ಮೂರು ಸಲ ಪುಟಿದರೆ ಮುಂದಿನ ಗಾಲಿ ಮುರಿದು ಪ್ರೊಪೆಲ್ಲರ್ ನೆಲ ಕೆರೆಯುತ್ತದೆ. ಮದ್ದು ಒಂದೇ: ಪೂರ್ತಿ ಪವರ್ ಕೊಟ್ಟು ಮೇಲೇರು, ಸುತ್ತು ಹಾಕಿ ಮತ್ತೆ ಬಾ.

ಈ ಮದ್ದನ್ನು ನುಂಗದಿದ್ದರೆ ಏನಾಗುತ್ತದೆಂಬುದಕ್ಕೆ ಮಂಗಳೂರೇ ಸಾಕ್ಷಿ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ 158 ಜನ ಸುಟ್ಟುಹೋದರು. ಅದು ದೊಡ್ಡ ವಿಮಾನ, ರನ್‌ವೇ 2,450 ಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉದ್ದವನ್ನು ಗಾಳಿಯಲ್ಲೇ ದಾಟಿ ವಿಮಾನ ನೆಲ ಮುಟ್ಟಿತು. ಸಹ ಪೈಲಟ್ ಮೂರು ಸಲ "ಮೇಲೇರಿ" ಎಂದಿದ್ದರು. ಕ್ಯಾಪ್ಟನ್ ಕೇಳಲಿಲ್ಲ ಎಂದು ತನಿಖೆಯೇ ಹೇಳಿತು. ಕಂಡಕ್ಟರ್ ವಿಷಲ್ ಊದಿದರೆ ಸಿಟಿ ಬಸ್ಸಿನ ಡ್ರೈವರ್ ಯಾಕೆ ಏನು ಅಂತ ಕೇಳದೆ ಬ್ರೇಕ್ ಒತ್ತುತ್ತಾನೆ. ಅಷ್ಟು ಶಿಸ್ತು ಆ ಕಾಕ್‌ಪಿಟ್‌ನಲ್ಲಿ ಇರಲಿಲ್ಲ.

ಈಗ ಮಂಡಕಳ್ಳಿಗೆ ಬನ್ನಿ. 2010ರಲ್ಲಿ ನಿಲ್ದಾಣ ಹೊಸದಾಗಿ ತೆರೆದಾಗ ರನ್‌ವೇ 1,740 ಮೀಟರ್. ಅದನ್ನು 2,750 ಮೀಟರ್‌ಗೆ ಬೆಳೆಸುವ ಮಾತು ವರ್ಷಗಟ್ಟಲೆ ನಡೆದಿದೆ. ನಂಜನಗೂಡು ಹೆದ್ದಾರಿ ಅಡ್ಡ ನಿಂತಿದೆ. ದೊಡ್ಡ ವಿಮಾನ ಬರಬೇಕೆಂದರೆ ಬೆಳೆಯಲೇಬೇಕು, ತಕರಾರಿಲ್ಲ. ಆದರೆ ಉದ್ದ ಬೆಳೆದ ಮಾತ್ರಕ್ಕೆ ಅಪಘಾತ ನಿಲ್ಲುತ್ತದೆಂಬ ಭ್ರಮೆ ಬೇಡ. ಬಜ್ಪೆಯ ರನ್‌ವೇ ಮಂಡಕಳ್ಳಿಗಿಂತ ಉದ್ದವೇ ಇತ್ತು.

ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ಪ್ರತಿ ಗಂಟೆಗೂ ದುಡ್ಡು. ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸಿದ ತಂದೆ ತಾಯಿ ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಇಂಥಲ್ಲಿ ಇನ್ನೊಂದು ಸುತ್ತು ಹಾಕಿ ಬಂದ ಹುಡುಗನಿಗೆ "ಇಳಿಸೋಕೆ ಬರಲ್ವಾ?" ಎಂಬ ನಗೆ ಸಿಕ್ಕರೆ, ಮುಂದಿನ ಸಲ ಅವನು ಹೇಗಾದರೂ ಇಳಿಸಿಯೇ ತೀರುತ್ತಾನೆ. ಅಪಘಾತದ ಬೇರು ಅಲ್ಲಿದೆ. ಆ ಹುಡುಗನ ಬೆನ್ನು ತಟ್ಟುವ ಗುರು ಬೇಕು. ಸಣ್ಣ ಅವಘಡವಾದರೂ ಅದರ ಕಾರಣ ಸುತ್ತಲ ಹಳ್ಳಿಯವರಿಗೆ ಕನ್ನಡದಲ್ಲಿ ತಿಳಿಯಬೇಕು. ತಲೆಯ ಮೇಲೆ ಹಾರುವುದರ ಲೆಕ್ಕ ಕೇಳುವ ಹಕ್ಕು ಅವರಿಗಿದೆ.

ಕಾಂಕ್ರೀಟಿಗೆ ಕೋಟಿಗಟ್ಟಲೆ ಬೇಕು. ಸುತ್ತು ಹಾಕಿ ಬಾ ಅನ್ನಲು ಏನು ಖರ್ಚು? ಸಂಬಂಧಪಟ್ಟವರು ಯೋಚಿಸುವರೇ?