ತಕ್ಕಡಿಯ ಮುಳ್ಳು ಮತ್ತು ಗಣಕಯಂತ್ರದ ಲೆಕ್ಕ

ತೂಕ ಮಾಡುವ ಮುನ್ನ ಬರಿಯ ತಕ್ಕಡಿಯನ್ನೆತ್ತಿ ಮುಳ್ಳು ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡುವುದು ಹಿಂದಿನ ವರ್ತಕರ ರೂಢಿ. ಇಂದು ಬಿಲ್ಲು, ದಾಸ್ತಾನು, ತೆರಿಗೆ, ವೇತನಗಳೆಲ್ಲವನ್ನೂ ಗಣಕಯಂತ್ರಕ್ಕೆ ಒಪ್ಪಿಸಿರುವ ಉದ್ಯಮಿಗಳು ಆ ರೂಢಿಯನ್ನು ಮರೆತಂತಿದೆ. ಯಂತ್ರವು ಹೇಳಿದ್ದನ್ನು ತಪ್ಪದೆ ಮಾಡುತ್ತದೆಂಬುದು ನಿಜ. ಆದರೆ ಅದಕ್ಕೆ ಹೇಳಿರುವುದೇನು ಎಂಬುದನ್ನು ಅರಿಯದಿದ್ದರೆ ತೂಕ ಸರಿಯಾಗಿದೆಯೆಂದು ನಂಬಲು ಆಧಾರವೇನು?

ಇದಕ್ಕಾಗಿ ಯಾರೂ ಪ್ರೋಗ್ರಾಮಿಂಗ್ ಪಂಡಿತರಾಗಬೇಕಿಲ್ಲ. ಅಂಗಡಿಯಲ್ಲಿರುವ ಎಕ್ಸೆಲ್ ಮತ್ತು ಉಚಿತವಾಗಿ ದೊರೆಯುವ ಪೈಥಾನ್ ಭಾಷೆಯಲ್ಲಿ ಒಂದೊಂದು ಸಾಲಿನ ಕೆಲವು ಪ್ರಯೋಗಗಳನ್ನು ಮಾಡಿದರೆ ಮೂಲತತ್ತ್ವಗಳು ತಾವಾಗಿಯೇ ತಿಳಿಯುತ್ತವೆ.

ಮೊದಲನೆಯದು ಅಂಕಿ ಮತ್ತು ಅಕ್ಷರಗಳ ಭೇದ. ಎಕ್ಸೆಲ್ ಹಾಳೆಯಲ್ಲಿ ಕಾಫಿಯ ಎಚ್‌ಎಸ್‌ಎನ್ ಸಂಕೇತವಾದ 0901 ಎಂದು ಬರೆದು ನೋಡಿದರೆ ಅದು 901 ಆಗುತ್ತದೆ. ಹದಿನಾರು ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆಯನ್ನು ಬರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಏಕೆಂದರೆ ಎಕ್ಸೆಲ್ ಅಂಕಿಯಲ್ಲಿ ಹದಿನೈದು ಸ್ಥಾನಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಕೂಡಿಸಿ ಕಳೆಯಲಾಗದ ಸಂಖ್ಯೆಯು ಯಂತ್ರದ ದೃಷ್ಟಿಯಲ್ಲಿ ಅಂಕಿಯಲ್ಲ, ಪಠ್ಯ. ಅದನ್ನು ಹಾಗೆಯೇ ದಾಖಲಿಸಬೇಕು. ಈ ಒಂದು ಅರಿವಿದ್ದರೆ ತಪ್ಪು ಖಾತೆ ಸಂಖ್ಯೆಯ ಪಾವತಿ ಪಟ್ಟಿ ಬ್ಯಾಂಕಿಗೆ ಹೋಗುವುದು ತಪ್ಪುತ್ತದೆ.

ಎರಡನೆಯದು ದಶಾಂಶದ ಲೆಕ್ಕ. ಪೈಥಾನ್‌ನಲ್ಲಿ 0.1 + 0.2 ಎಂದು ಕೇಳಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಒಂದನ್ನು ಮೂರರಿಂದ ಭಾಗಿಸಿದಾಗ ನಮ್ಮ ದಶಾಂಶ ಪದ್ಧತಿಯಲ್ಲಿ ಲೆಕ್ಕ ಮುಗಿಯದಂತೆ, ಸೊನ್ನೆ ಮತ್ತು ಒಂದುಗಳಲ್ಲಿ ಎಣಿಸುವ ಯಂತ್ರಕ್ಕೆ ಹತ್ತನೆಯ ಒಂದು ಭಾಗ ಮುಗಿಯದು. ಆದಕಾರಣವೇ ಬಲ್ಲವರು ಹಣವನ್ನು ಪೈಸೆಗಳ ಪೂರ್ಣಾಂಕದಲ್ಲಿ ಅಥವಾ ಇದಕ್ಕೆಂದೇ ಇರುವ ದಶಮಾಂಶ ವಿಧಾನದಲ್ಲಿ ಇಡುತ್ತಾರೆ.

ಮೂರನೆಯದು ಪೂರ್ಣಗೊಳಿಸುವ ಕ್ರಮ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 170ನೆಯ ಕಲಮಿನಂತೆ ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ತರುವಾಗ ಐವತ್ತು ಪೈಸೆ ಹಾಗೂ ಅದಕ್ಕೆ ಮೇಲ್ಪಟ್ಟದ್ದು ಒಂದು ರೂಪಾಯಿಯಾಗಬೇಕು. ಆದರೆ ಪೈಥಾನ್‌ನ ರೌಂಡ್ ಸೂತ್ರವು 112.50ನ್ನು 112 ಎನ್ನುತ್ತದೆ, 113.50ನ್ನು 114 ಎನ್ನುತ್ತದೆ. ಸರಿಯಾಗಿ ಅರ್ಧ ಬಂದಾಗ ಅದು ಸಮಸಂಖ್ಯೆಯತ್ತ ವಾಲುತ್ತದೆ. ಎಕ್ಸೆಲ್ ಹಾಳೆಯ ರೌಂಡ್ ಸೂತ್ರ 113 ಕೊಟ್ಟರೆ, ಅದೇ ಎಕ್ಸೆಲ್‌ನ ಮ್ಯಾಕ್ರೋ ಭಾಷೆಯ ರೌಂಡ್ 112 ಕೊಡುತ್ತದೆ. ಹೆಸರು ಒಂದೇ, ನಡತೆ ಬೇರೆ.

ನಾಲ್ಕನೆಯದು ಷರತ್ತಿನ ಗಡಿ. ಕೇಂದ್ರ ಜಿಎಸ್‌ಟಿಯ 138ನೆಯ ನಿಯಮದಲ್ಲಿ ಇ-ವೇ ಬಿಲ್ಲಿಗೆ ಸರಕಿನ ಮೌಲ್ಯ 50,000 ರೂಪಾಯಿಗಳನ್ನು ‘ಮೀರಿದರೆ’ ಎಂಬ ಮಾತಿದೆ. ‘ಹೆಚ್ಚು’ ಎಂಬ ಚಿಹ್ನೆಯ ಬದಲು ‘ಹೆಚ್ಚು ಅಥವಾ ಸಮ’ ಎಂಬ ಚಿಹ್ನೆ ಬಿದ್ದರೆ ನಿಯಮವೇ ಬದಲಾಗುತ್ತದೆ. 49,999, 50,000 ಮತ್ತು 50,001 ಎಂಬ ಮೂರು ಮೊತ್ತಗಳನ್ನು ಕೊಟ್ಟು ನೋಡಿದರೆ ತಪ್ಪು ಐದು ನಿಮಿಷದಲ್ಲಿ ಹೊರಬೀಳುತ್ತದೆ.

ಪೈಸೆಯ ಭಾಗಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುವವರು ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಪ್ರಕರಣವನ್ನು ನೆನೆಯಬೇಕು. 1982ರ ಜನವರಿಯಲ್ಲಿ 1000ದಿಂದ ಆರಂಭವಾದ ಅದರ ಸೂಚ್ಯಂಕವು 1983ರ ನವೆಂಬರ್ ವೇಳೆಗೆ ಸುಮಾರು 525ಕ್ಕೆ ಕುಸಿದಿತ್ತು. ಪ್ರತಿ ವಹಿವಾಟಿನ ನಂತರ ಮೂರು ದಶಾಂಶ ಸ್ಥಾನಗಳಾಚೆಗಿನ ಅಂಕಿಗಳನ್ನು ಪೂರ್ಣಗೊಳಿಸುವ ಬದಲು ಕತ್ತರಿಸಿ ಬಿಡಲಾಗುತ್ತಿತ್ತು. ಲೆಕ್ಕವನ್ನು ಸರಿಪಡಿಸಿದಾಗ ಸೂಚ್ಯಂಕ 1098ನ್ನು ದಾಟಿತು. ಹನಿಗೂಡಿ ಹಳ್ಳವಾಗುವುದು ಲಾಭಕ್ಕೆ ಮಾತ್ರವಲ್ಲ, ತಪ್ಪಿಗೂ ಅನ್ವಯಿಸುತ್ತದೆ.

ಇದು ತಂತ್ರಾಂಶ ಒದಗಿಸಿದವರ ಹೊಣೆಯಲ್ಲವೇ ಎಂಬ ವಾದವುಂಟು. ಆದರೆ ತೆರಿಗೆ ಇಲಾಖೆಯ ನೋಟಿಸು ಬರುವುದು ನೋಂದಾಯಿತ ವ್ಯಾಪಾರಿಯ ಹೆಸರಿಗೆ. ತಂತ್ರಾಂಶ ಬರೆದವರ ಹೆಸರಿಗಲ್ಲ. ಲೆಕ್ಕಪರಿಶೋಧಕರು ವರ್ಷಾಂತ್ಯದಲ್ಲಿ ಮಾದರಿ ನಮೂದುಗಳನ್ನು ತಾಳೆ ನೋಡಬಲ್ಲರೇ ಹೊರತು ನಿತ್ಯದ ಪ್ರತಿಯೊಂದು ಬಿಲ್ಲನ್ನಲ್ಲ.

ಆದ್ದರಿಂದ ಹೊಸ ತಂತ್ರಾಂಶ ಕೊಳ್ಳುವ ಪ್ರತಿಯೊಬ್ಬ ಉದ್ಯಮಿಯೂ ಮೊದಲು ಹತ್ತು ಕಷ್ಟದ ಮೊತ್ತಗಳನ್ನು ಕೈಯಿಂದಲೇ ಲೆಕ್ಕ ಹಾಕಿ ಕಾಗದದ ಮೇಲೆ ಬರೆದಿಟ್ಟುಕೊಂಡು, ಯಂತ್ರದ ಉತ್ತರದೊಡನೆ ತಾಳೆ ನೋಡುವುದು ಒಳಿತು. ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಾಗಲೂ, ತೆರಿಗೆಯ ದರ ಬದಲಾದಾಗಲೂ ಅದೇ ಪಟ್ಟಿಯನ್ನು ಮತ್ತೆ ಓಡಿಸಬೇಕು. ವಾಣಿಜ್ಯ ಸಂಘಗಳು ತಮ್ಮ ಸದಸ್ಯರಿಗೂ ಅವರ ಗುಮಾಸ್ತರಿಗೂ ಅರ್ಧ ದಿನದ ಇಂಥ ಪ್ರಯೋಗ ಶಿಬಿರವನ್ನು ಏರ್ಪಡಿಸಿದರೆ ಖರ್ಚು ಅತ್ಯಲ್ಪ, ಪ್ರಯೋಜನ ಬಹುಕಾಲದ್ದು. ತಕ್ಕಡಿ ಬದಲಾಗಿದೆ, ಮುಳ್ಳು ನೋಡುವ ಕರ್ತವ್ಯ ಬದಲಾಗಿಲ್ಲ.